ನೆಲ ಡೊಂಕೋ, ಕುಣಿತ ಡೊಂಕೋ? – ಕೆಲಸದ ಸ್ಥಳದಲ್ಲಿ ಮನುಷ್ಯನ ವರ್ತನೆ



ಕುಣಿಯಲು ಬಾರದವರು ನೆಲ ಡೊಂಕು ಎಂದರಂತೆ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಕೆಲಸ ಬಾರದವನು ನೆಪ ಹೇಳುತ್ತಾನೆ ಎಂಬುದು ಅದರ ಅರ್ಥ. ಗಾದೆ ಸುಳ್ಳಲ್ಲ. ಆದರೆ ಅದು ಕೇಳದೇ ಬಿಟ್ಟ ಒಂದು ಪ್ರಶ್ನೆ ಇದೆ. ಎಲ್ಲಾದರೂ ಒಮ್ಮೆ ನೆಲ ನಿಜವಾಗಿಯೂ ಡೊಂಕಾಗಿದ್ದರೆ?

ನೀವು ಬ್ಯಾಂಕಿಗೆ ಹೋಗಿದ್ದೀರಿ ಎಂದುಕೊಳ್ಳಿ. ಸಾಲು ಉದ್ದವಾಗಿದೆ, ಕಿಟಕಿಯ ಹಿಂದಿನ ಗುಮಾಸ್ತರು ನಿಧಾನವಾಗಿ ಕೆಲಸ ಮಾಡುತ್ತಿದ್ದಾರೆ. ಸಾಲಿನಲ್ಲಿ ನಿಂತವರ ಬಾಯಿಂದ ಬರುವ ಮೊದಲ ಮಾತು ‘ಸೋಮಾರಿ’. ಮೂವರು ಮಾಡಬೇಕಾದ ಕೆಲಸವನ್ನು ಅವರೊಬ್ಬರೇ ಮಾಡುತ್ತಿರಬಹುದು. ಯಂತ್ರ ಪದೇ ಪದೇ ಕೈಕೊಡುತ್ತಿರಬಹುದು. ನಿನ್ನೆ ಅವಸರದಲ್ಲಿ ಆದ ಒಂದು ತಪ್ಪಿಗೆ ಎಲ್ಲರೆದುರು ಬೈಸಿಕೊಂಡು ಇಂದು ಪ್ರತಿ ಅಂಕಿಯನ್ನೂ ಎರಡೆರಡು ಸಲ ನೋಡುತ್ತಿರಬಹುದು. ಅಥವಾ ಅವರು ನಿಜಕ್ಕೂ ಸೋಮಾರಿಯೇ ಇರಬಹುದು. ಕಾರಣ ಯಾವುದು ಎಂದು ಹೊರಗೆ ನಿಂತ ನಮಗೆ ಕಾಣುವುದಿಲ್ಲ. ಕಾಣುವುದು ವರ್ತನೆ ಮಾತ್ರ. ಆ ವರ್ತನೆಯ ಹಿಂದಿನ ಕಾರಣಗಳನ್ನು ವ್ಯವಸ್ಥಿತವಾಗಿ ಹುಡುಕುವ ಶಾಸ್ತ್ರವೇ ‘ಸಂಘಟನಾ ವರ್ತನೆ’.

ಇನ್ನು ಕೆಲವೇ ವರ್ಷಗಳಲ್ಲಿ ನೀವು ಕಾರ್ಖಾನೆ, ಕಚೇರಿ, ಆಸ್ಪತ್ರೆ ಅಥವಾ ಶಾಲೆಯಲ್ಲಿ ಕೆಲಸಕ್ಕೆ ಸೇರುತ್ತೀರಿ. ಮೊದಲು ಇನ್ನೊಬ್ಬರು ನಿಮ್ಮ ವರ್ತನೆಯನ್ನು ತೂಗುತ್ತಾರೆ. ಮುಂದೊಂದು ದಿನ ನೀವು ಇತರರದನ್ನು ತೂಗುತ್ತೀರಿ. ತಕ್ಕಡಿ ಸರಿಯಿಲ್ಲದಿದ್ದರೆ ಎರಡೂ ಸಲ ಅನ್ಯಾಯವಾಗುತ್ತದೆ. ಆದ್ದರಿಂದ ಈ ವಿಷಯದ ಮೂಲ ಪಾಠಗಳನ್ನು ಈಗಲೇ ತಿಳಿದಿರುವುದು ಒಳ್ಳೆಯದು.

ಮೂರು ಮೆಟ್ಟಿಲುಗಳು

ಕೆಲಸದ ಸ್ಥಳದ ವರ್ತನೆಯನ್ನು ಮೂರು ಮಟ್ಟಗಳಲ್ಲಿ ನೋಡುವುದು ವಾಡಿಕೆ. ಮೊದಲನೆಯದು ವ್ಯಕ್ತಿ: ಆತನ ಸಾಮರ್ಥ್ಯ, ಸ್ವಭಾವ, ಮನೋಭಾವ, ಪ್ರೇರಣೆ. ಎರಡನೆಯದು ಗುಂಪು: ಜೊತೆಯಲ್ಲಿ ದುಡಿಯುವವರ ಸ್ನೇಹ, ಪೈಪೋಟಿ, ಅವರ ನಡುವಿನ ಬರೆಯದ ಕಟ್ಟಳೆಗಳು. ಮೂರನೆಯದು ಸಂಘಟನೆ: ಕೆಲಸವನ್ನು ಹಂಚಿರುವ ರೀತಿ, ಸಂಬಳದ ಪದ್ಧತಿ, ಮೇಲಧಿಕಾರಿಗೆ ಮಾತು ತಲಪುವ ದಾರಿ. ನಾವು ಸಾಮಾನ್ಯವಾಗಿ ಮೊದಲ ಮೆಟ್ಟಿಲಿನಲ್ಲೇ ನಿಂತುಬಿಡುತ್ತೇವೆ. ತಪ್ಪಾಯಿತೆಂದರೆ ‘ಯಾರು?’ ಎಂದು ಕೇಳುತ್ತೇವೆ, ‘ಏಕೆ?’ ಎಂದು ಕೇಳುವುದಿಲ್ಲ. ಈ ಶಾಸ್ತ್ರ ಎರಡನೆಯ ಮತ್ತು ಮೂರನೆಯ ಮೆಟ್ಟಿಲು ಹತ್ತಿದ್ದು ಹೇಗೆ ಎಂಬುದೇ ಒಂದು ಸ್ವಾರಸ್ಯಕರ ಚರಿತ್ರೆ.

ಕೈಗಳನ್ನಷ್ಟೇ ಎಣಿಸಿದ ಕಾಲ

ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ 1911ರಲ್ಲಿ ‘ವೈಜ್ಞಾನಿಕ ನಿರ್ವಹಣೆ’ಯ ತತ್ತ್ವಗಳನ್ನು ಕುರಿತ ಪುಸ್ತಕ ಪ್ರಕಟಿಸಿದ. ಪ್ರತಿ ಕೆಲಸವನ್ನೂ ಸಣ್ಣ ಸಣ್ಣ ಚಲನೆಗಳಾಗಿ ಒಡೆಯಬೇಕು, ಗಡಿಯಾರ ಹಿಡಿದು ಅಳೆಯಬೇಕು, ಅತ್ಯುತ್ತಮ ವಿಧಾನವನ್ನು ಕಂಡುಹಿಡಿದು ಕೆಲಸಗಾರನಿಗೆ ಕಲಿಸಬೇಕು, ಹೆಚ್ಚು ಮಾಡಿದವನಿಗೆ ಹೆಚ್ಚು ಕೂಲಿ ಕೊಡಬೇಕು – ಇದು ಅವನ ಸಲಹೆ. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣದ ಗಟ್ಟಿಗಳನ್ನು ಹೊರುತ್ತಿದ್ದ ಕೆಲಸಗಾರ ಈ ವಿಧಾನದಿಂದ ನಲವತ್ತೇಳು ಟನ್ನಿಗೂ ಹೆಚ್ಚು ಹೊತ್ತ ಎಂದು ಟೇಲರ್ ಬರೆದ. ದಿನಗೂಲಿ ಏರಿದ್ದು 1.15 ಡಾಲರಿನಿಂದ 1.85 ಡಾಲರಿಗೆ. ಈ ಕಥೆಯಲ್ಲಿ ಉತ್ಪ್ರೇಕ್ಷೆ ಇದೆಯೆಂದು ಮುಂದಿನ ಸಂಶೋಧಕರು ತೋರಿಸಿದ್ದಾರೆ.

ಮೇಲಿನ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಕೆಲಸ ಸುಮಾರು ನಾಲ್ಕು ಪಟ್ಟಾಯಿತು. ಕೂಲಿ ಎರಡು ಪಟ್ಟೂ ಆಗಲಿಲ್ಲ. ಟೇಲರನ ವಿಧಾನದಿಂದ ವ್ಯರ್ಥ ಶ್ರಮ ಕಡಿಮೆಯಾದದ್ದು ನಿಜ. ಆದರೆ ಆ ಲೆಕ್ಕದಲ್ಲಿ ಕೈಗಳಿದ್ದವು, ಕೈಗಳ ಹಿಂದಿನ ಮನಸ್ಸು ಇರಲಿಲ್ಲ. ಯೋಚಿಸುವುದು ಮೇಲಿನವರ ಕೆಲಸ, ಮಾಡುವುದು ಕೆಳಗಿನವರ ಕೆಲಸ ಎಂಬ ಗೆರೆಯೂ ಅಲ್ಲಿ ಗಟ್ಟಿಯಾಯಿತು.

ಹಾಥಾರ್ನ್ ಕಾರ್ಖಾನೆಯ ಒಗಟು

ಶಿಕಾಗೋ ನಗರದ ಪಕ್ಕದ ಸಿಸಿರೋ ಎಂಬಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ಇತ್ತು. ಅಲ್ಲಿ ಟೆಲಿಫೋನ್ ಉಪಕರಣಗಳು ತಯಾರಾಗುತ್ತಿದ್ದವು. 1924ರಲ್ಲಿ ಅಲ್ಲಿ ಒಂದು ಸರಳ ಪ್ರಶ್ನೆಯ ಬಗ್ಗೆ ಪ್ರಯೋಗ ಆರಂಭವಾಯಿತು: ದೀಪದ ಬೆಳಕು ಹೆಚ್ಚಿದರೆ ಕೆಲಸವೂ ಹೆಚ್ಚುತ್ತದೆಯೇ? ಉತ್ತರ ಮಾತ್ರ ಸರಳವಾಗಿ ಬರಲಿಲ್ಲ. ಬೆಳಕಿನ ಏರಿಳಿತಕ್ಕೂ ಉತ್ಪಾದನೆಯ ಏರಿಳಿತಕ್ಕೂ ನೇರವಾದ ಸಂಬಂಧವೇ ಸಿಗಲಿಲ್ಲ.

1927ರಲ್ಲಿ ಇನ್ನೊಂದು ಪ್ರಯೋಗ ತೊಡಗಿತು. ರಿಲೇ ಎಂಬ ಸಣ್ಣ ವಿದ್ಯುತ್ ಉಪಕರಣವನ್ನು ಜೋಡಿಸುವ ಐವರು ಯುವತಿಯರನ್ನು, ಬಿಡಿಭಾಗ ಒದಗಿಸುವ ಇನ್ನೊಬ್ಬಳ ಜೊತೆ, ಪ್ರತ್ಯೇಕ ಕೋಣೆಯಲ್ಲಿ ಕೂರಿಸಲಾಯಿತು. ವಿಶ್ರಾಂತಿಯ ಬಿಡುವು ಕೊಟ್ಟರು, ತಿಂಡಿ ಕೊಟ್ಟರು, ಕೆಲಸದ ಅವಧಿ ಕಡಿಮೆ ಮಾಡಿದರು. ಉತ್ಪಾದನೆ ಏರುತ್ತಾ ಹೋಯಿತು. ಕೊನೆಗೆ ಒಂದು ಹಂತದಲ್ಲಿ ಈ ಸೌಲಭ್ಯಗಳನ್ನೆಲ್ಲ ಹಿಂದಕ್ಕೆ ಪಡೆದರು. ಉತ್ಪಾದನೆ ಹಳೆಯ ಮಟ್ಟಕ್ಕೆ ಕುಸಿಯಬೇಕಿತ್ತಲ್ಲವೇ? ಕುಸಿಯಲಿಲ್ಲ.

ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್ಟನ್ ಮೇಯೋ ಮತ್ತು ಸಂಗಡಿಗರು ಇದಕ್ಕೆ ಕೊಟ್ಟ ವಿವರಣೆ ಹೀಗಿತ್ತು: ಆ ಯುವತಿಯರನ್ನು ಯಾರೋ ಕೇಳುತ್ತಿದ್ದರು, ಗಮನಿಸುತ್ತಿದ್ದರು, ಗದರಿಸುವ ಮೇಲ್ವಿಚಾರಕ ಅಲ್ಲಿರಲಿಲ್ಲ, ಅವರು ತಮ್ಮದೇ ಒಂದು ಗುಂಪಾಗಿದ್ದರು. ಬೆಳಕು, ತಿಂಡಿ, ಬಿಡುವುಗಳಿಗಿಂತ ಈ ಸಂಬಂಧಗಳೇ ದೊಡ್ಡ ಶಕ್ತಿ. ತಮ್ಮನ್ನು ಗಮನಿಸುತ್ತಿದ್ದಾರೆ ಎಂಬ ಅರಿವಿನಿಂದಲೇ ಜನರ ವರ್ತನೆ ಬದಲಾಗುವುದಕ್ಕೆ ಮುಂದೆ ‘ಹಾಥಾರ್ನ್ ಪರಿಣಾಮ’ ಎಂಬ ಹೆಸರು ಬಂತು.

ಪರೀಕ್ಷೆಗೆ ಓದುವಾಗ ಇಷ್ಟಕ್ಕೇ ನಿಲ್ಲಿಸುವುದುಂಟು. ನೀವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಆ ಕೋಣೆಯ ಇಬ್ಬರು ಯುವತಿಯರನ್ನು 1928ರ ಆರಂಭದಲ್ಲಿ ತೆಗೆದು, ಬೇರೆ ಇಬ್ಬರನ್ನು ತರಲಾಗಿತ್ತು. ಅವರ ಕೂಲಿಯ ಲೆಕ್ಕವನ್ನೂ ಬದಲಾಯಿಸಲಾಗಿತ್ತು. ದೊಡ್ಡ ವಿಭಾಗದ ಬದಲು ತಮ್ಮ ಸಣ್ಣ ಗುಂಪಿನ ಉತ್ಪಾದನೆಯ ಮೇಲೆ ಅವರಿಗೆ ಹಣ ಸಿಗುತ್ತಿತ್ತು. ಹೀಗಿರುವಾಗ ಏರಿಕೆಗೆ ಕಾರಣ ಸ್ನೇಹವೋ, ಹಣವೋ, ಹೊಸಬರ ಚುರುಕೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಬೆಳಕಿನ ಪ್ರಯೋಗದ ಹಳೆಯ ಅಂಕಿಗಳನ್ನು 2011ರಲ್ಲಿ ಮರುಪರಿಶೀಲಿಸಿದ ಅರ್ಥಶಾಸ್ತ್ರಜ್ಞರಿಗೆ ಪುಸ್ತಕಗಳು ಹೇಳುವಷ್ಟು ನಾಟಕೀಯ ಪರಿಣಾಮ ಅಲ್ಲಿ ಕಾಣಲಿಲ್ಲ. ಮನುಷ್ಯರ ಮೇಲಿನ ಪ್ರಯೋಗ ಪರೀಕ್ಷಾನಳಿಕೆಯ ಪ್ರಯೋಗದಂತಲ್ಲ ಎಂಬುದನ್ನು ಇದರಿಂದ ಕಲಿಯಬಹುದು.

ಗುಂಪಿನ ಬರೆಯದ ಕಟ್ಟಳೆ

ಹಾಥಾರ್ನಿನ ಇನ್ನೊಂದು ಅಧ್ಯಯನಕ್ಕೆ ಹೆಸರು ಕಡಿಮೆ, ಆದರೆ ಪಾಠ ಹೆಚ್ಚು. 1931ರ ನವೆಂಬರಿನಿಂದ 1932ರ ಮೇ ತಿಂಗಳವರೆಗೆ, ಟೆಲಿಫೋನ್ ಸ್ವಿಚ್‌ಗಳಿಗೆ ತಂತಿ ಜೋಡಿಸುವ ಹದಿನಾಲ್ಕು ಗಂಡಸರನ್ನು ಅವರ ಕೋಣೆಯಲ್ಲೇ ಕುಳಿತು ಗಮನಿಸಲಾಯಿತು. ಹೆಚ್ಚು ಮಾಡಿದರೆ ಎಲ್ಲರಿಗೂ ಹೆಚ್ಚು ಹಣ ಸಿಗುವ ಪದ್ಧತಿ ಅಲ್ಲಿತ್ತು. ಆದರೂ ಅವರು ದಿನಕ್ಕೆ ಇಷ್ಟೇ ಎಂದು ತಮ್ಮಲ್ಲೇ ನಿರ್ಧರಿಸಿಕೊಂಡಿದ್ದರು. ಅದಕ್ಕಿಂತ ಹೆಚ್ಚು ಮಾಡಿದವನಿಗೆ ಅಡ್ಡಹೆಸರು ಬೀಳುತ್ತಿತ್ತು. ತೋಳಿಗೆ ಒಂದು ಗುದ್ದೂ ಬೀಳುತ್ತಿತ್ತು. ತೀರಾ ಕಡಿಮೆ ಮಾಡಿದವನಿಗೂ ಮರ್ಯಾದೆ ಇರಲಿಲ್ಲ. ಜೊತೆಗಾರನ ಮೇಲೆ ಮೇಲಧಿಕಾರಿಗೆ ಚಾಡಿ ಹೇಳಿದವನಂತೂ ಎಲ್ಲರಿಂದ ದೂರವಾಗುತ್ತಿದ್ದ.

ಕಂಪನಿಯ ನಕ್ಷೆಯಲ್ಲಿ ಕಾಣುವ ವಿಭಾಗ, ಹುದ್ದೆ, ಅಧಿಕಾರ – ಇದು ಔಪಚಾರಿಕ ಸಂಘಟನೆ. ನಕ್ಷೆಯಲ್ಲಿ ಕಾಣದ ಗೆಳೆತನ, ಕಟ್ಟಳೆ, ಶಿಕ್ಷೆ – ಇದು ಅನೌಪಚಾರಿಕ ಸಂಘಟನೆ. ಎರಡನೆಯದು ಎಷ್ಟೋ ಸಲ ಮೊದಲನೆಯದಕ್ಕಿಂತ ಬಲವಾಗಿರುತ್ತದೆ. ನಿಮ್ಮ ತರಗತಿಯನ್ನೇ ನೋಡಿ. ಅಧ್ಯಾಪಕರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದೂ ಕೈಯೆತ್ತದೆ ಕುಳಿತದ್ದು ನಿಮಗೆ ನೆನಪಿಲ್ಲವೇ? ಕೈಯೆತ್ತಬಾರದೆಂಬ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಹಿಂದಿನ ಬೆಂಚಿನ ನಗೆಯಲ್ಲಿ ಇತ್ತು.

ಆ ಹದಿನಾಲ್ಕು ಮಂದಿ ಸೋಮಾರಿಗಳೇ? ಅವರ ಮಾತುಗಳಲ್ಲೇ ಕಾರಣವಿತ್ತು. ಹೆಚ್ಚು ಮಾಡಿ ತೋರಿಸಿದರೆ ಕಂಪನಿ ಕೂಲಿಯ ದರ ಇಳಿಸಬಹುದು. ಅಷ್ಟು ಜನ ಬೇಡವೆಂದು ಕೆಲವರನ್ನು ಮನೆಗೆ ಕಳಿಸಬಹುದು. ಅದು 1929ರ ಮಹಾ ಆರ್ಥಿಕ ಕುಸಿತದ ನಂತರದ ಕಾಲ. ಕೆಲಸ ಕಳೆದುಕೊಂಡವರು ಊರ ತುಂಬ ಇದ್ದರು. ಆ ಅಧ್ಯಯನ ಮುಗಿಯಲು ಕಾರಣವೂ ಕೆಲಸದ ಅಭಾವವೇ. ಹೊರಗಿನಿಂದ ಆಲಸ್ಯದಂತೆ ಕಂಡದ್ದು ಒಳಗಿನಿಂದ ಒಬ್ಬರ ಅನ್ನವನ್ನು ಇನ್ನೊಬ್ಬರು ಕಾಯುವ ಉಪಾಯವಾಗಿತ್ತು. ಅದೇ ಕಟ್ಟಳೆ ಚುರುಕಾದ ಹುಡುಗನೊಬ್ಬನ ತೋಳಿಗೆ ಗುದ್ದನ್ನೂ ಕೊಡುತ್ತಿತ್ತು ಎಂಬುದನ್ನು ಮರೆಯಬಾರದು. ಗುಂಪು ಕಾಯುತ್ತದೆ, ಗುಂಪು ಕಟ್ಟಿಹಾಕುತ್ತದೆ.

ಪ್ರೇರಣೆ ಎಂದರೆ ಹಣ ಮಾತ್ರವೇ?

ಮನುಷ್ಯ ಏಕೆ ದುಡಿಯುತ್ತಾನೆ? ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೋ 1943ರಲ್ಲಿ ಮನುಷ್ಯನ ಅಗತ್ಯಗಳನ್ನು ಒಂದು ಕ್ರಮದಲ್ಲಿ ಇಟ್ಟು ತೋರಿಸಿದ: ಮೊದಲು ಅನ್ನ, ನೀರು, ಆಮೇಲೆ ಭದ್ರತೆ, ನಂತರ ಪ್ರೀತಿ ಮತ್ತು ಒಡನಾಟ, ಅದರ ಮೇಲೆ ಗೌರವ, ಕೊನೆಗೆ ತನ್ನ ಶಕ್ತಿಯನ್ನೆಲ್ಲ ಅರಳಿಸುವ ಬಯಕೆ. ಎಲ್ಲರಲ್ಲೂ ಈ ಕ್ರಮ ಹೀಗೆಯೇ ಇರಬೇಕೆಂದೇನೂ ಇಲ್ಲ. ಹೊಟ್ಟೆಗಿಲ್ಲದಿದ್ದರೂ ಗೌರವ ಬಿಟ್ಟುಕೊಡದವರನ್ನು ನೀವೇ ನೋಡಿರುತ್ತೀರಿ.

ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು ಇನ್ನೂರು ಎಂಜಿನಿಯರುಗಳು ಮತ್ತು ಲೆಕ್ಕಿಗರನ್ನು ಮಾತಾಡಿಸಿ 1959ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರ ತೀರ್ಮಾನ ಇದು: ಸಂಬಳ, ಮೇಲ್ವಿಚಾರಣೆ, ಕೆಲಸದ ಜಾಗದ ಸ್ಥಿತಿ – ಇವು ಕೆಟ್ಟರೆ ಅತೃಪ್ತಿ ಹುಟ್ಟುತ್ತದೆ, ಆದರೆ ಇವು ಸರಿಯಿದ್ದ ಮಾತ್ರಕ್ಕೆ ಉತ್ಸಾಹ ಹುಟ್ಟುವುದಿಲ್ಲ. ಉತ್ಸಾಹ ಹುಟ್ಟುವುದು ಸಾಧಿಸಿದೆನೆಂಬ ತೃಪ್ತಿಯಿಂದ, ಮನ್ನಣೆಯಿಂದ, ಹೊಣೆಯಿಂದ. ಊಟದಲ್ಲಿ ಉಪ್ಪಿಲ್ಲದಿದ್ದರೆ ಎಲ್ಲರೂ ದೂರುತ್ತಾರೆ. ಉಪ್ಪು ಸರಿಯಿದೆ ಎಂದು ಯಾರೂ ಹಾಡಿ ಹೊಗಳುವುದಿಲ್ಲ. ಈ ವಿಂಗಡಣೆಗೂ ಟೀಕೆಗಳಿವೆ. ಗೆದ್ದಾಗ ನನ್ನಿಂದ, ಸೋತಾಗ ಪರಿಸ್ಥಿತಿಯಿಂದ ಎಂದು ಹೇಳಿಕೊಳ್ಳುವುದು ಮನುಷ್ಯ ಸ್ವಭಾವ. ಸಂದರ್ಶನದಲ್ಲಿ ಸಿಗುವ ಉತ್ತರಗಳಿಗೂ ಆ ಬಣ್ಣ ಹತ್ತುತ್ತದೆ ಎನ್ನುತ್ತಾರೆ ಟೀಕಾಕಾರರು.

ಅಹಮದಾಬಾದಿನ ಮಗ್ಗಗಳು

ಇದುವರೆಗೆ ನೋಡಿದ್ದೆಲ್ಲ ಅಮೆರಿಕದ ಮಾತಾಯಿತು. ನೆಲವನ್ನೇ ಸರಿಪಡಿಸಿ ನೋಡಿದ ಒಂದು ಪ್ರಸಿದ್ಧ ಪ್ರಯೋಗ ನಮ್ಮ ದೇಶದಲ್ಲೇ ನಡೆಯಿತು. ಅಹಮದಾಬಾದಿನ ಕ್ಯಾಲಿಕೋ ಗಿರಣಿಯವರು ತಮ್ಮ ಒಂದು ನೇಯ್ಗೆ ವಿಭಾಗಕ್ಕೆ ಸ್ವಯಂಚಾಲಿತ ಮಗ್ಗಗಳನ್ನು ತಂದಿದ್ದರು. ಯಂತ್ರ ಹೊಸದು, ಆದರೆ ನಿರೀಕ್ಷಿಸಿದ ಫಲ ಬರಲಿಲ್ಲ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ 1953ರಲ್ಲಿ ಅಲ್ಲಿಗೆ ಬಂದರು.

ಅವರು ಕಂಡದ್ದೇನು? ಇನ್ನೂರಕ್ಕೂ ಹೆಚ್ಚು ಮಗ್ಗಗಳ ಆ ವಿಭಾಗದಲ್ಲಿ ಕೆಲಸವನ್ನು ಹನ್ನೆರಡು ಬಗೆಯಾಗಿ ಒಡೆದಿದ್ದರು. ನೇಯುವವನಿಗೆ ಇಷ್ಟು ಮಗ್ಗ, ನೂಲಿನ ಉಂಡೆ ತುಂಬುವವನಿಗೆ ಬೇರೆ ಇಷ್ಟು, ಕಡಿದ ಎಳೆ ಜೋಡಿಸುವವನಿಗೆ ಮತ್ತೆ ಬೇರೆ ಇಷ್ಟು. ಒಂದೇ ಮಗ್ಗವನ್ನು ಹಲವರು ಮುಟ್ಟುತ್ತಿದ್ದರು, ಆದರೆ ಅವರೆಲ್ಲರ ಹೊಣೆಯ ಗಡಿ ಒಂದೇ ಆಗಿರಲಿಲ್ಲ. ಎಳೆ ಕಡಿದರೆ ಯಾರ ಮಗ್ಗ ಮೊದಲು? ಯಾರ ಮಾತು ನಡೆಯಬೇಕು? ಪ್ರತಿಯೊಬ್ಬನೂ ತನ್ನ ಪಾಲಿನ ಕೆಲಸ ಮಾಡಿ ಕೈತೊಳೆದುಕೊಳ್ಳಬಹುದಿತ್ತು. ಇಡೀ ಬಟ್ಟೆ ಮಾತ್ರ ಯಾರದೂ ಆಗಿರಲಿಲ್ಲ.

ಕೆಲವು ಮಗ್ಗಗಳನ್ನು ಒಂದು ಸಣ್ಣ ತಂಡಕ್ಕೆ ಪೂರ್ತಿಯಾಗಿ ಒಪ್ಪಿಸಬಾರದೇಕೆ ಎಂಬ ಆಲೋಚನೆ ಬಂತು. ಮೇಲ್ವಿಚಾರಕರೂ ಕೆಲಸಗಾರರೂ ಆ ಆಲೋಚನೆಯನ್ನು ತಮ್ಮದಾಗಿಸಿಕೊಂಡು, ತಂಡಗಳನ್ನು ತಾವೇ ರಚಿಸಿಕೊಂಡರು. ನಡುವೆ ಏರಿಳಿತಗಳಾದರೂ, ಕ್ರಮೇಣ ಉತ್ಪಾದನೆ ಹೆಚ್ಚಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು. ಮಗ್ಗಗಳೂ ಬದಲಾಗಿರಲಿಲ್ಲ, ಕೆಲಸಗಾರರೂ ಹೊಸಬರಾಗಿರಲಿಲ್ಲ. ಬದಲಾದದ್ದು ಮುಖ್ಯವಾಗಿ ಕೆಲಸದ ಹಂಚಿಕೆ. ಯಂತ್ರದ ವ್ಯವಸ್ಥೆಯನ್ನೂ ಮನುಷ್ಯರ ವ್ಯವಸ್ಥೆಯನ್ನೂ ಜೊತೆಯಾಗಿಯೇ ರೂಪಿಸಬೇಕೆಂಬ ಈ ವಿಚಾರಕ್ಕೆ ‘ಸಾಮಾಜಿಕ-ತಾಂತ್ರಿಕ ವ್ಯವಸ್ಥೆ’ ಎಂದು ಹೆಸರು. ರೈಸ್ 1958ರಲ್ಲಿ ಇದನ್ನು ಪುಸ್ತಕವಾಗಿ ಬರೆದರು. 1970ರ ಹೊತ್ತಿಗೆ ಮತ್ತೆ ಹೋಗಿ ನೋಡಿದಾಗ, ಕೆಲವೆಡೆ ತಂಡದ ಪದ್ಧತಿ ಸವೆದುಹೋಗಿತ್ತು, ಒಂದೆಡೆ ಉಳಿದಿತ್ತು. ಆ ಗಿರಣಿ ಇಂದು ನಡೆಯುತ್ತಿಲ್ಲ. ಒಮ್ಮೆ ಸರಿಪಡಿಸಿದ ನೆಲ ಎಂದೆಂದಿಗೂ ಸರಿಯಾಗಿಯೇ ಇರುವುದಿಲ್ಲ, ಆಗಾಗ ನೋಡಿಕೊಳ್ಳುತ್ತಿರಬೇಕು.

ಮಾತು ಮೇಲೇರುವ ದಾರಿ

ಕೆಳಗಿನವರಿಗೆ ಗೊತ್ತಿರುವ ವಿಷಯ ಮೇಲಿನವರಿಗೆ ತಲಪದಿದ್ದರೆ, ಅಥವಾ ತಲಪಿಯೂ ಅವರು ಕಿವಿಗೊಡದಿದ್ದರೆ ಏನಾಗುತ್ತದೆ? 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡುಗಳಲ್ಲಿ ಛಿದ್ರವಾಯಿತು. ಏಳು ಮಂದಿ ಸತ್ತರು. ರಾಕೆಟ್ಟಿನ ಕೀಲುಗಳಲ್ಲಿದ್ದ ರಬ್ಬರ್ ಬಳೆಗಳು ಚಳಿಗೆ ಗಡುಸಾಗಿ ಬಿಸಿ ಅನಿಲವನ್ನು ತಡೆಯಲಾರದೆ ಹೋದದ್ದು ತಾಂತ್ರಿಕ ಕಾರಣ. ಆದರೆ ಇಷ್ಟು ಚಳಿಯಲ್ಲಿ ಹಾರಿಸಬೇಡಿ ಎಂದು ಆ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು ಹಿಂದಿನ ರಾತ್ರಿಯೇ ವಾದಿಸಿದ್ದರು. ಅವರ ಮಾತನ್ನು ವ್ಯವಸ್ಥಾಪಕರು ಬದಿಗಿರಿಸಿದರು. ಹಾರಿಸುವ ಅಂತಿಮ ತೀರ್ಮಾನ ಕೈಗೊಂಡ ಹಿರಿಯರವರೆಗೆ ಆ ಎಚ್ಚರಿಕೆ ಏರಲೇ ಇಲ್ಲ. ತಿಳಿವಳಿಕೆ ಇತ್ತು; ಅದು ಮೇಲೇರುವ ಏಣಿ ಮುರಿದಿತ್ತು.

ಇದರ ಇನ್ನೊಂದು ಮುಖವನ್ನು ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಕಂಡರು. ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅವರು ಅಧ್ಯಯನ ಮಾಡುತ್ತಿದ್ದರು. ಒಳ್ಳೆಯ ನಾಯಕತ್ವವಿರುವ ತಂಡಗಳಲ್ಲಿ ತಪ್ಪುಗಳು ಕಡಿಮೆ ಇರುತ್ತವೆ ಎಂಬುದು ಅವರ ಎಣಿಕೆ. ಲೆಕ್ಕ ತಲೆಕೆಳಗಾಗಿ ಬಂತು: ಅಂಥ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು! ವಿಚಾರಿಸಿದಾಗ ತಿಳಿದದ್ದು, ಅಲ್ಲಿ ಹೆಚ್ಚಿದ್ದದ್ದು ತಪ್ಪು ಮಾಡುವುದಲ್ಲ, ತಪ್ಪನ್ನು ಬಾಯಿಬಿಟ್ಟು ಹೇಳುವ ಧೈರ್ಯ. ಗದರುವ ಮುಖ್ಯಸ್ಥರಿದ್ದಲ್ಲಿ ದಾದಿಯರು ತಪ್ಪುಗಳನ್ನು ಮುಚ್ಚಿಡುತ್ತಿದ್ದರು. 1996ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ತಂಡದೊಳಗೆ ಹೆದರಿಕೆಯಿಲ್ಲದೆ ಮಾತಾಡಬಹುದೆಂಬ ಈ ಭರವಸೆಯನ್ನು ‘ಮಾನಸಿಕ ಸುರಕ್ಷತೆ’ ಎನ್ನುತ್ತಾರೆ. ರೋಗಿಗೆ ಅಪಾಯ ಯಾವ ಆಸ್ಪತ್ರೆಯಲ್ಲಿ ಹೆಚ್ಚು? ತಪ್ಪುಗಳ ಪಟ್ಟಿ ಉದ್ದವಾಗಿರುವಲ್ಲಿಯೋ, ಪಟ್ಟಿಯೇ ಖಾಲಿಯಾಗಿರುವಲ್ಲಿಯೋ? ಯೋಚಿಸಿ.

ಹಾಗಾದರೆ ಯಾರ ಹೊಣೆಯೂ ಇಲ್ಲವೇ?

ಇಲ್ಲಿಯವರೆಗೆ ಓದಿದವರಿಗೆ ಒಂದು ಸಂದೇಹ ಬಂದಿರಬಹುದು. ಎಲ್ಲ ತಪ್ಪನ್ನೂ ನೆಲದ ಮೇಲೆ ಹೊರಿಸಿದರೆ ಕುಣಿಯುವವರು ಕಲಿಯುವುದು ಯಾವಾಗ? ಸಂದೇಹ ನ್ಯಾಯವಾದದ್ದೇ. ಕೆಲಸ ಕಲಿಯದವರು, ಕಲಿತರೂ ಮಾಡದವರು ಎಲ್ಲೆಡೆ ಇರುತ್ತಾರೆ. ಹೊಣೆ ವ್ಯಕ್ತಿಯದೂ ಹೌದು.

ಆದರೆ ನಮ್ಮ ಮನಸ್ಸಿನ ತಕ್ಕಡಿ ಮೊದಲೇ ಒಂದು ಕಡೆಗೆ ವಾಲಿದೆ. ಇನ್ನೊಬ್ಬರ ತಪ್ಪಿಗೆ ಅವರ ಸ್ವಭಾವವನ್ನು ಕಾರಣ ಮಾಡುತ್ತೇವೆ, ಅವರ ಸಂದರ್ಭವನ್ನು ಮರೆಯುತ್ತೇವೆ. ಗೆಳೆಯ ತಡವಾಗಿ ಬಂದರೆ ಅವನಿಗೆ ಶಿಸ್ತಿಲ್ಲ. ನಾವು ತಡವಾಗಿ ಬಂದರೆ ಬಸ್ಸು ಸಿಗಲಿಲ್ಲ. ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಇನ್ನೊಬ್ಬರನ್ನು ಅಳೆಯುವಾಗಿನ ಈ ದೋಷಕ್ಕೆ ‘ಮೂಲಭೂತ ಕಾರಣಾರೋಪಣ ದೋಷ’ ಎಂಬ ಹೆಸರು ಕೊಟ್ಟರು. ಹೆಸರು ಭಾರವಾಗಿದೆ, ಅನುಭವ ಮಾತ್ರ ದಿನನಿತ್ಯದ್ದು. ತಕ್ಕಡಿಯನ್ನು ಸಮ ಮಾಡಲು, ತೀರ್ಪು ಕೊಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಒಂದು: ಈ ಕೆಲಸ ಮಾಡಲು ಬೇಕಾದ ತರಬೇತಿ, ಸಾಧನ, ಸಮಯ ಇವರಿಗೆ ಸಿಕ್ಕಿತ್ತೇ?

ಎರಡು: ಇವರ ಜಾಗದಲ್ಲಿ ಬೇರೆಯವರಿದ್ದರೂ ಹೀಗೆಯೇ ಆಗುತ್ತಿತ್ತೇ? ಹೌದಾದರೆ ದೋಷ ಬಹುಶಃ ವ್ಯವಸ್ಥೆಯಲ್ಲಿದೆ. ಇವರೊಬ್ಬರಿಂದಲೇ ಮತ್ತೆ ಮತ್ತೆ ಆಗುತ್ತಿದ್ದರೆ ವ್ಯಕ್ತಿಯ ಕಡೆ ನೋಡಬೇಕು.

ಮೂರು: ತೊಂದರೆಯನ್ನು ಹೇಳಿಕೊಳ್ಳಲು ಇವರಿಗೆ ದಾರಿ ಇತ್ತೇ? ಹೇಳಿದ್ದರೆ ಯಾರಾದರೂ ಕೇಳುತ್ತಿದ್ದರೇ?

ಮಾಡಿ ನೋಡಿ

ಈ ಪಾಠಕ್ಕೆ ಕಾರ್ಖಾನೆಯೇ ಬೇಕಿಲ್ಲ. ಕಾಲೇಜಿನ ವಾರ್ಷಿಕೋತ್ಸವವೋ, ಎನ್.ಎಸ್.ಎಸ್. ಶಿಬಿರವೋ ಸಾಕು. ಮುಂದಿನ ಸಲ ನಾಲ್ಕೈದು ಮಂದಿ ಸೇರಿ ಮಾಡಿದ ಕೆಲಸ ಕೆಟ್ಟಾಗ, ಪ್ರತಿಯೊಬ್ಬರೂ ಕಾರಣವನ್ನು ಬೇರೆ ಬೇರೆ ಚೀಟಿಗಳಲ್ಲಿ ಹೆಸರಿಲ್ಲದೆ ಬರೆಯಿರಿ. ಎಷ್ಟು ಚೀಟಿಗಳಲ್ಲಿ ವ್ಯಕ್ತಿಯ ಹೆಸರಿದೆ, ಎಷ್ಟರಲ್ಲಿ ಕೆಲಸದ ಹಂಚಿಕೆಯ ಮಾತಿದೆ ಎಂದು ಎಣಿಸಿ. ಆಮೇಲೆ ಮೇಲಿನ ಮೂರು ಪ್ರಶ್ನೆಗಳನ್ನು ಕೇಳಿಕೊಂಡು ಇನ್ನೊಮ್ಮೆ ಬರೆಯಿರಿ. ಎರಡು ಪಟ್ಟಿಗಳ ವ್ಯತ್ಯಾಸವನ್ನು ನಿಮ್ಮ ಅಧ್ಯಾಪಕರೊಡನೆ ಚರ್ಚಿಸಿ.

ಮನೆಯಲ್ಲಿ ದುಡಿಯುವವರೊಡನೆಯೂ ಒಂದು ಸಂಜೆ ಕುಳಿತುಕೊಳ್ಳಿ. ‘ನಿಮ್ಮ ಕೆಲಸ ಸರಿಯಾಗಿ ನಡೆಯದಂತೆ ತಡೆಯುವುದು ಯಾವುದು?’ ಎಂದು ಕೇಳಿ, ನಡುವೆ ಬಾಯಿ ಹಾಕದೆ ಆಲಿಸಿ. ಎಷ್ಟೋ ವರ್ಷಗಳಿಂದ ಅವರನ್ನು ಈ ಪ್ರಶ್ನೆ ಯಾರೂ ಕೇಳಿರದಿರಬಹುದು. ನಾಳೆ ನೀವು ನಾಲ್ಕು ಜನರ ಮೇಲಧಿಕಾರಿಯಾದ ದಿನ, ಅವರನ್ನು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ.